ಹೊಸ ರೌಟರ್ ತಂದರೂ ಅದೇ 94! ಇಂಟರ್ನೆಟ್ ಎಲ್ಲಿ ಸಿಕ್ಕಿಕೊಂಡಿದೆ?

ಮಹಡಿಮನೆ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ.

ನಮ್ಮದು ಫೈಬರ್ ಕನೆಕ್ಷನ್. ಡೌನ್‌ಲೋಡ್ 300 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ಅಪ್‌ಲೋಡ್ 30ರ ಪ್ಲಾನ್. ಕಂಪನಿಯವರು ಕೊಟ್ಟ ಬಿಳಿ ಪೆಟ್ಟಿಗೆ ಕೆಳಗೆ ಬಾಗಿಲ ಪಕ್ಕ ಇದೆ. ಅದರ ವೈಫೈ ಆಫ್ ಮಾಡಿಸಿದ್ದೇನೆ. ಅಲ್ಲಿಂದ ಒಂದು ಕೇಬಲ್ ಗೋಡೆಯಂಚಿನಲ್ಲಿ ಮೆಟ್ಟಿಲು ಹತ್ತಿ ಮಹಡಿಯಲ್ಲಿರುವ ನನ್ನ ಸ್ವಂತ ರೌಟರ್‌ಗೆ ಬರುತ್ತದೆ. ಮನೆಯವರೆಲ್ಲ ಬಳಸುವುದು ಆ ರೌಟರ್ ವೈಫೈಯನ್ನೇ.

ಸ್ಪೀಡ್ ಟೆಸ್ಟ್ ಮಾಡಿದರೆ 93, 94. ಬೆಳಿಗ್ಗೆ 94, ಮಧ್ಯರಾತ್ರಿ 94. ರೌಟರ್ ಪಕ್ಕದಲ್ಲೇ ಕೂತು ಮಾಡಿದರೂ 94, ಲ್ಯಾಪ್‌ಟಾಪಿಗೆ ವೈರ್ ಚುಚ್ಚಿ ಮಾಡಿದರೂ 94. ಅಪ್‌ಲೋಡ್ ಮಾತ್ರ ಸರಿಯಾಗಿ 30 ಬರುತ್ತಿದೆ. ಕಂಪನಿಯ ಹುಡುಗ ಬಂದು ತನ್ನ ಲ್ಯಾಪ್‌ಟಾಪನ್ನು ನೇರ ಬಿಳಿ ಪೆಟ್ಟಿಗೆಗೆ ಸೇರಿಸಿ ತೋರಿಸಿದ, 298. "ನಮ್ಮ ಕಡೆ ಎಲ್ಲ ಸರಿ ಇದೆ ಸರ್, ನಿಮ್ಮ ರೌಟರ್ ಹಳೇದಾಯ್ತು" ಅಂದ. ಸರಿ ಅಂತ ವೈಫೈ 6 ರೌಟರ್ ತಂದೆ. ಪೆಟ್ಟಿಗೆ ಬಿಚ್ಚಿ, ಆಂಟೆನಾ ನಾಲ್ಕೂ ನೆಟ್ಟಗೆ ಮಾಡಿ, ಹೆಂಡತಿ ಮಕ್ಕಳನ್ನೆಲ್ಲ ಕರೆದು ಟೆಸ್ಟ್ ಒತ್ತಿದೆ.

94.

ಇದರ ಜೊತೆಗೆ ಸಂಜೆ ಹೊತ್ತು ವಿಡಿಯೊ ಕಾಲ್ ಕಲ್ಲಿನಂತೆ ನಿಂತುಬಿಡುತ್ತದೆ. ದಿನಕ್ಕೆ ಒಂದೆರಡು ಸಲ ಮೂರು ಸೆಕೆಂಡ್ ಇಂಟರ್ನೆಟ್ಟೇ ಇರುವುದಿಲ್ಲ, ಮತ್ತೆ ತಾನೇ ಬರುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ.


ಅಂತೆಕಂತೆ · ಸೋಮವಾರ, ರಾತ್ರಿ 9:52

ಡಿಎನ್‌ಎಸ್ ಬದಲಿಸಿ ಸರ್. 1.1.1.1 ಇಲ್ಲಾ 8.8.8.8 ಹಾಕಿ. ನನಗೆ ಡಬಲ್ ಆಯ್ತು. ಹಾಗೇ ಫೋನಿನ ಕ್ಯಾಶ್ ಕೂಡ ಕ್ಲಿಯರ್ ಮಾಡಿ.


ಬೈಟುಬಿಟ್ಟು · ಸೋಮವಾರ, ರಾತ್ರಿ 10:05

ಡಿಎನ್‌ಎಸ್ ಮಾಡುವ ಕೆಲಸ ಹೆಸರು ಕೊಟ್ಟರೆ ನಂಬರ್ ಹೇಳುವುದು, ಅಷ್ಟೇ. ಅದು ನಿಧಾನ ಆದರೆ ಪುಟ ತೆರೆಯುವ ಮುಂಚೆ ಒಂದು ಕ್ಷಣ ತಡವರಿಸುತ್ತದೆ. ಒಮ್ಮೆ ಡೌನ್‌ಲೋಡ್ ಶುರುವಾದ ಮೇಲೆ ಅದಕ್ಕೆ ಅಲ್ಲಿ ಕೆಲಸವೇ ಇಲ್ಲ. ಡಿಎನ್‌ಎಸ್ ಬದಲಿಸಿ 94ನ್ನು 300 ಮಾಡ್ತೀನಿ ಅನ್ನೋದು, ಟೆಲಿಫೋನ್ ಡೈರೆಕ್ಟರಿ ಬದಲಿಸಿದರೆ ಆ ಕಡೆಯವರ ಧ್ವನಿ ಜೋರಾಗುತ್ತೆ ಅಂದ ಹಾಗೆ.


ಅಂತೆಕಂತೆ · ಸೋಮವಾರ, ರಾತ್ರಿ 10:11

ನನಗೆ ಆಗಿದ್ದನ್ನು ಹೇಳಿದೆ ಅಷ್ಟೇ. ಸುಳ್ಳು ಯಾಕೆ ಹೇಳ್ಲಿ?


ಬೈಟುಬಿಟ್ಟು · ಸೋಮವಾರ, ರಾತ್ರಿ 10:20

ಸುಳ್ಳು ಅನ್ನಲಿಲ್ಲ. ನಿಮಗೆ ಆಗಿರಲೂಬಹುದು. ದೊಡ್ಡ ವಿಡಿಯೊ ಸೈಟುಗಳು ಒಂದೇ ವಿಡಿಯೊವನ್ನು ನೂರಾರು ಕಡೆ ಇಟ್ಟಿರುತ್ತವೆ, ನಿಮ್ಮನ್ನು ಯಾವ ಸರ್ವರ್‌ಗೆ ಕಳಿಸಬೇಕು ಅನ್ನೋದು ಎಷ್ಟೋ ಸಲ ಡಿಎನ್‌ಎಸ್ ಉತ್ತರದಲ್ಲೇ ತೀರ್ಮಾನ ಆಗುತ್ತದೆ. ಹಳೆಯದು ನಿಮ್ಮನ್ನು ದೂರದ ಸರ್ವರ್‌ಗೆ ಅಟ್ಟುತ್ತಿದ್ದರೆ, ಬದಲಿಸಿದ ಮೇಲೆ ಆ ಒಂದು ಸೈಟ್ ಚುರುಕಾಗುತ್ತದೆ. ಆದರೆ ಇವರ ಕಥೆ ಬೇರೆ. ಎಲ್ಲಿಂದ ನೋಡಿದರೂ 94 ಅಂದರೆ ಅದು ಸರ್ವರ್ ತಕರಾರಲ್ಲ.


ಹಳೇತಂತಿ · ಸೋಮವಾರ, ರಾತ್ರಿ 10:48

ಮಹಡಿಮನೆಯವರೇ, ಇನ್ನೇನೂ ಕೊಳ್ಳಬೇಡಿ. ಮೊದಲು ಕೈ ಕಟ್ಟಿ ಕೂತು ಆ ನಂಬರನ್ನೇ ನೋಡಿ.

ವೈಫೈ ಕೆಟ್ಟರೆ ನಂಬರ್ ಓಲಾಡುತ್ತದೆ. ಒಮ್ಮೆ 61, ಒಮ್ಮೆ 140, ಬಾಗಿಲು ಹಾಕಿದರೆ 83. ಕಂಪನಿಯ ಕಡೆ ಜನಜಂಗುಳಿ ಆದರೆ ಸಂಜೆ ಬೀಳುತ್ತದೆ, ಮಧ್ಯರಾತ್ರಿ ಏಳುತ್ತದೆ. ಹಗಲೂ ರಾತ್ರಿ, ವೈಫೈಯಲ್ಲೂ ವೈರಿನಲ್ಲೂ, ಹಳೇ ರೌಟರಿನಲ್ಲೂ ಹೊಸದರಲ್ಲೂ ಕೂದಲೆಳೆಯಷ್ಟೂ ಅಲುಗದೆ 94 ಅಂದರೆ ದಾರಿಯಲ್ಲಿ ಎಲ್ಲೋ ಒಂದು ಕೊಂಡಿ 100ಕ್ಕೆ ಕಟ್ಟಿಕೊಂಡು ಕೂತಿದೆ. ಮೂವತ್ತು ಅದರೊಳಗೆ ಸಲೀಸಾಗಿ ಹಿಡಿಯುತ್ತದೆ, ಅದಕ್ಕೇ ಅಪ್‌ಲೋಡಿಗೆ ಏನೂ ಆಗಿಲ್ಲ.

ಎರಡು ರೌಟರ್‌ಗೂ ಸಮಾನವಾಗಿ ಇದ್ದದ್ದು ಯಾವುದು ಅಂತ ನೀವೇ ಯೋಚಿಸಿ. ಮೆಟ್ಟಿಲು ಹತ್ತಿ ಬರುವ ಆ ಕೇಬಲ್. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ ಆಗಿದೆ ನಿಮ್ಮ ರೌಟರ್ ಖರೀದಿ.

ರೌಟರಿನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ (ಸಾಮಾನ್ಯವಾಗಿ 192.168.0.1 ಅಥವಾ 192.168.1.1, ರೌಟರಿನ ತಳದಲ್ಲಿ ಬರೆದಿರುತ್ತೆ). ಸ್ಟೇಟಸ್ ಪುಟದಲ್ಲಿ ವ್ಯಾನ್ ಪೋರ್ಟಿನ (ಹೊರಗಿನ ಕಡೆಯ ಕೇಬಲ್ ಚುಚ್ಚುವ ತೂತು) ಲಿಂಕ್ ಸ್ಪೀಡ್ ಎಷ್ಟಿದೆ ಹೇಳಿ. 100 ಇದೆಯೋ 1000 ಇದೆಯೋ, ಅಷ್ಟೇ ಬೇಕು.


ಪ್ರಶ್ನಾರ್ಥಕ · ಸೋಮವಾರ, ರಾತ್ರಿ 11:02

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಈ ವಿಷಯಕ್ಕೆ ತೀರಾ ಹೊಸಬಳು. ಕೊಂಡಿ 100ರದ್ದು ಅಂದರೆ 100 ತಾನೇ ಬರಬೇಕು? 94 ಯಾಕೆ? ಉಳಿದ 6 ಎಲ್ಲಿ ಹೋಯ್ತು? ಇನ್ನೊಂದು, ಬಿಳಿ ಪೆಟ್ಟಿಗೆ, ಮೋಡೆಮ್, ರೌಟರ್ ಇವೆಲ್ಲ ಒಂದೇನಾ? ನಮ್ಮ ಮನೆಯಲ್ಲಿ ಒಂದೇ ಡಬ್ಬ ಇದೆ.


ಬೈಟುಬಿಟ್ಟು · ಸೋಮವಾರ, ರಾತ್ರಿ 11:30

6 ಎಲ್ಲೂ ಹೋಗಿಲ್ಲ ಮೇಡಂ, ಗೋಣಿಚೀಲದ ತೂಕಕ್ಕೆ ಹೋಯ್ತು. ಬರೀ ಧಾನ್ಯವನ್ನು ಗಾಡಿಗೆ ಸುರಿಯಲು ಆಗಲ್ಲವಲ್ಲ.

ವೈರಿನ ಮೇಲೆ ಡೇಟಾ ಕಂತೆ ಕಂತೆಯಾಗಿ ಹೋಗುತ್ತದೆ. ಒಂದು ಕಂತೆ ಹೆಚ್ಚೆಂದರೆ 1500 ಬೈಟ್. ಅದರ ಮುಂದೆ ಯಾರಿಂದ ಯಾರಿಗೆ ಅನ್ನುವ ವಿಳಾಸ 14 ಬೈಟ್, ಕೊನೆಗೆ ಲೆಕ್ಕ ತಾಳೆ ನೋಡಲು 4, ಶುರುವಿಗೆ "ಬಂದೆ, ಎಚ್ಚರ" ಅನ್ನುವುದಕ್ಕೆ 8, ಎರಡು ಕಂತೆಯ ನಡುವೆ ಬಿಡುವ ಜಾಗ 12. ಅಲ್ಲಿಗೆ ವೈರ್ ಮೇಲೆ ಒಂದು ಕಂತೆಗೆ 1538 ಬೈಟಿನಷ್ಟು ಹೊತ್ತು ಬೇಕು. ಆ 1500ರ ಒಳಗೂ ಇಂಟರ್ನೆಟ್ ವಿಳಾಸ ಬರೆಯುವ ಐಪಿಗೆ 20, ಕಂತೆ ತಲುಪಿದ ಲೆಕ್ಕ ಇಡುವ ಟಿಸಿಪಿಗೆ 20, ಸಮಯ ಗುರುತಿಗೆ 12 ಹೋಗುತ್ತೆ. ನಿಮ್ಮ ಕೈಗೆ ಸಿಗುವುದು 1448. ಈಗ 1448ನ್ನು 1538ರಿಂದ ಭಾಗಿಸಿ ನೋಡಿ, ನೂರಕ್ಕೆ 94.1. ರೌಟರಿನಲ್ಲಿ ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ ಪಿಪಿಪಿಓಇ ಇದ್ದರೆ ಇನ್ನೂ 8 ಬೈಟ್ ಹೋಗಿ 93.6 ಆಗುತ್ತೆ. ಇವರು "93, 94" ಅಂದಾಗ ನನಗೆ ನಗು ಬಂದದ್ದು ಅದಕ್ಕೇ. ಗಿಗಾಬಿಟ್ ಪ್ಲಾನಿನವರು "940 ಮಾತ್ರ ಬರುತ್ತೆ, ಮೋಸ" ಅಂತ ಜಗಳ ಆಡುವುದೂ ಇದೇ ಲೆಕ್ಕದ ಮೇಲೆ.

ಇನ್ನೊಂದು ಗೊಂದಲ ಈಗಲೇ ತೀರಿಸಿಬಿಡೋಣ. ಪ್ಲಾನ್ ಹೇಳುವುದು ಬಿಟ್‌ನಲ್ಲಿ, ಫೈಲ್ ಡೌನ್‌ಲೋಡ್ ತೋರಿಸುವುದು ಬೈಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. 94 ಎಂಬಿಪಿಎಸ್ ಬರುತ್ತಿದ್ದರೆ ಡೌನ್‌ಲೋಡ್ ಕಿಟಕಿಯಲ್ಲಿ ಸೆಕೆಂಡಿಗೆ 11.7 ಎಂಬಿ ಅಂತ ಕಾಣುತ್ತೆ.


ಹಳೇತಂತಿ · ಮಂಗಳವಾರ, ಬೆಳಿಗ್ಗೆ 6:15

ಪ್ರಶ್ನಾರ್ಥಕ ಅವರಿಗೆ: ಡಬ್ಬ ಒಂದಿರಲಿ ಮೂರಿರಲಿ, ಕೆಲಸಗಳು ಬೇರೆ ಬೇರೆ.

ಹೊರಗಿನಿಂದ ಬರುವ ದಾರಿ ಯಾವುದೋ (ಬೆಳಕು, ಫೋನ್ ತಂತಿ, ಟಿವಿ ಕೇಬಲ್) ಅದನ್ನು ಮನೆಯ ಈಥರ್ನೆಟ್ ಭಾಷೆಗೆ ತಿರುಗಿಸುವುದು ಒಂದು ಕೆಲಸ. ಫೋನ್ ತಂತಿಯಲ್ಲಿ ಅದನ್ನು ಮೋಡೆಮ್ ಅಂತಿದ್ದೆವು, ಫೈಬರ್‌ನಲ್ಲಿ ಓಎನ್‌ಟಿ ಅಂತಾರೆ. ಇವರ ಬಿಳಿ ಪೆಟ್ಟಿಗೆ ಅದೇ. ಮನೆಯ ಹತ್ತು ಸಾಧನಗಳಿಗೆ ಒಂದೊಂದು ಒಳ ನಂಬರ್ ಕೊಟ್ಟು, ಎಲ್ಲರನ್ನೂ ಹೊರಗಿನ ಒಂದೇ ನಂಬರಿನ ಹಿಂದೆ ನಿಲ್ಲಿಸಿ, ಯಾರ ಉತ್ತರ ಯಾರಿಗೆ ಅಂತ ನೆನಪಿಟ್ಟುಕೊಂಡು ಹಂಚುವುದು ರೌಟರ್ ಕೆಲಸ. ಬರೀ ತೂತುಗಳನ್ನು ಹೆಚ್ಚಿಸುವುದು ಸ್ವಿಚ್. ವೈರಿನಲ್ಲಿ ಬಂದದ್ದನ್ನು ಗಾಳಿಗೆ ಬಿಡುವುದು ಆಕ್ಸೆಸ್ ಪಾಯಿಂಟ್. ನಿಮ್ಮ ಮನೆಯ ಒಂದೇ ಡಬ್ಬದೊಳಗೆ ಈ ನಾಲ್ಕೂ ಸೇರಿಕೊಂಡಿವೆ. "ಇಂಟರ್ನೆಟ್ ಸ್ಲೋ" ಅನ್ನುವ ಒಂದೇ ಮಾತಿಗೆ ನಾಲ್ಕು ಬೇರೆ ಬೇರೆ ಕಾಯಿಲೆ ಇರುವುದು ಅದಕ್ಕೇ.


ಮಹಡಿಮನೆ · ಮಂಗಳವಾರ, ಬೆಳಿಗ್ಗೆ 8:03

ಹಳೇತಂತಿ ಸರ್, ನೋಡಿದೆ. ವ್ಯಾನ್ ಪೋರ್ಟ್: 100 ಎಂಬಿಪಿಎಸ್, ಫುಲ್ ಡ್ಯುಪ್ಲೆಕ್ಸ್. ಎರಡೂ ರೌಟರಿನ ಡಬ್ಬದ ಮೇಲೆ ಗಿಗಾಬಿಟ್ ಪೋರ್ಟ್ ಅಂತಲೇ ಇದೆ. ಹಾಗಾದರೆ ಕೇಬಲ್ಲೇ ಕಳ್ಳ ಅಂತೀರಾ? ಆದರೆ ಕೇಬಲ್ ಕೆಟ್ಟಿದ್ದರೆ ಪೂರ್ತಿ ನಿಲ್ಲಬೇಕಲ್ಲ? ಕೆಲಸ ಮಾಡ್ತಾ ಇದೆಯಲ್ಲ?


ಹಳೇತಂತಿ · ಮಂಗಳವಾರ, ಬೆಳಿಗ್ಗೆ 8:40

ಅದೇ ಇದರ ತಮಾಷೆ. ಆ ಕೇಬಲಿನೊಳಗೆ ಎಂಟು ತಂತಿ ಇವೆ, ಎರಡೆರಡು ಹೆಣೆದು ನಾಲ್ಕು ಜೋಡಿ. 100ಕ್ಕೆ ಎರಡೇ ಜೋಡಿ ಸಾಕು: 1, 2, 3, 6ನೇ ಪಿನ್. 1999ರಲ್ಲಿ ಬಂದ ಗಿಗಾಬಿಟ್ ಮಾನದಂಡಕ್ಕೆ ಎಂಟೂ ತಂತಿ ಬೇಕು. ಉಳಿದ ನಾಲ್ಕರಲ್ಲಿ ಒಂದು ಕೈಕೊಟ್ಟರೂ 100 ನಡೆಯುತ್ತಲೇ ಇರುತ್ತದೆ, ಯಾರಿಗೂ ಅನುಮಾನ ಬರಲ್ಲ.

ನಿಮಗೆ ಆಗಾಗ ಮೂರು ಸೆಕೆಂಡ್ ಹೋಗುತ್ತೆ ಅಂದಿರಲ್ಲ, ಅದೂ ಇದೇ ಇರಬಹುದು. ಎರಡು ತುದಿಯ ಪೋರ್ಟುಗಳು ಮೊದಲು "ನಿನ್ನ ಶಕ್ತಿ ಎಷ್ಟು, ನನ್ನದು ಎಷ್ಟು" ಅಂತ ಮಾತಾಡಿಕೊಳ್ಳುತ್ತವೆ. ಆ ಮಾತುಕತೆ ನಡೆಯುವುದು ಚೆನ್ನಾಗಿರುವ ಮೊದಲ ಜೋಡಿಗಳ ಮೇಲೇ. ಇಬ್ಬರೂ "ನಾನು 1000" ಅಂತಾರೆ, 1000ಕ್ಕೆ ಕೈ ಹಾಕುತ್ತಾರೆ, ಆಗಲ್ಲ. ಕೆಲವು ಚಿಪ್‌ಗಳು ಎರಡು ಮೂರು ಸಲ ನೋಡಿ 100ಕ್ಕೆ ಇಳಿಯುತ್ತವೆ. ಮುರಿದ ತಂತಿ ಒಂದು ಕ್ಷಣ ತಗುಲಿ ಮತ್ತೆ ಬಿಟ್ಟರೆ ಈ ನಾಟಕ ಮತ್ತೆ ಮೊದಲಿಂದ. ಆ ಹೊತ್ತಿಗೆ ಮನೆಯವರೆಲ್ಲರ ಇಂಟರ್ನೆಟ್ ನಿಂತಿರುತ್ತದೆ.

ಪರೀಕ್ಷೆ ಸುಲಭ. ರೌಟರನ್ನು ಕೆಳಗೆ ಒಯ್ದು ಬಿಳಿ ಪೆಟ್ಟಿಗೆ ಪಕ್ಕ ಇಡಿ. ರೌಟರ್ ಡಬ್ಬದಲ್ಲಿ ಬಂದ ಮೋಟು ಕೇಬಲ್ ಹಾಕಿ ನೋಡಿ.


ಅಂತೆಕಂತೆ · ಮಂಗಳವಾರ, ಬೆಳಿಗ್ಗೆ 9:10

ಕೇಬಲ್ ಬದಲಿಸೋದಾದರೆ ಮೇಲಿನ ದರ್ಜೆಯ ಕ್ಯಾಟ್ 8 ಹಾಕಿಬಿಡಿ, ಜೀವಮಾನದ ಚಿಂತೆ ಇರಲ್ಲ.


ಹಳೇತಂತಿ · ಮಂಗಳವಾರ, ಬೆಳಿಗ್ಗೆ 9:25

ಕ್ಯಾಟ್ 8 ಡೇಟಾ ಸೆಂಟರಿನಲ್ಲಿ ಅಕ್ಕಪಕ್ಕದ ಕಪಾಟು ಸೇರಿಸಲು ಮಾಡಿದ್ದು. ದಪ್ಪ, ಬಗ್ಗಲ್ಲ. ಮೆಟ್ಟಿಲ ಮೂಲೆಯಲ್ಲಿ ತಿರುಗಿಸುವಷ್ಟರಲ್ಲಿ ಕೈ ನೋವು ಬರುತ್ತೆ. ಗಿಗಾಬಿಟ್ 100 ಮೀಟರ್ ತನಕ ಹೋಗಲು ಕ್ಯಾಟ್ 5ಇ ಸಾಕು. ಹೊಸದಾಗಿ ಗೋಡೆಯೊಳಗೆ ಹಾಕುವುದಾದರೆ ಕ್ಯಾಟ್ 6 ಹಾಕಿ, ಮುಂದೆ ಬೇಕಾದೀತು. ನೋಡಬೇಕಾದ್ದು ಆ ನಂಬರನ್ನಲ್ಲ, ಒಳಗಿರುವುದು ಅಪ್ಪಟ ತಾಮ್ರವೋ ಅಲ್ಲವೋ ಅನ್ನುವುದನ್ನು. ಸಿಸಿಎ ಅಂತ ಬರೆದಿದ್ದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಎರಡು ಸಲ ಬಗ್ಗಿಸಿದರೆ ಒಳಗೇ ತುಂಡಾಗುತ್ತೆ, ಮೇಲಿನ ಸಿಪ್ಪೆ ಮಾತ್ರ ಹೊಸದರಂತೆ ಇರುತ್ತೆ.


ಮಹಡಿಮನೆ · ಮಂಗಳವಾರ, ಸಂಜೆ 7:20

ಸರ್, ಕಳ್ಳ ಸಿಕ್ಕಿದ. ಕಳ್ಳ ನಾನೇ.

ರೌಟರ್ ಕೆಳಗೆ ತಂದು ಮೋಟು ಕೇಬಲ್ ಹಾಕಿದೆ. ಲಿಂಕ್ 1000, ಟೆಸ್ಟ್ 296. ಮಹಡಿಯ ಕೇಬಲ್ ಹಾಕಿದೆ, ಮತ್ತೆ 100. ಆಮೇಲೆ ಆ ಕೇಬಲಿನ ತುದಿಯ ಪ್ಲಗ್ಗನ್ನು ಟಾರ್ಚ್ ಬೆಳಕಿಗೆ ಹಿಡಿದು ನೋಡಿದೆ. ಪಾರದರ್ಶಕ ಪ್ಲಾಸ್ಟಿಕ್ ತಾನೇ, ಎಲ್ಲ ಕಾಣುತ್ತೆ. ಏಳು ತಂತಿಯ ತಾಮ್ರದ ತುದಿ ಮುಂಗೋಡೆಗೆ ಮುಟ್ಟಿ ಸಾಲಾಗಿ ಮಿಣುಗುತ್ತಿವೆ. ಎಂಟನೆಯದು, ಕಂದು ಬಣ್ಣದ್ದು, ಎರಡು ಮಿಲಿಮೀಟರ್ ಹಿಂದೆಯೇ ನಿಂತುಬಿಟ್ಟಿದೆ. ಮೇಲಿನ ಚಿನ್ನದ ಬಣ್ಣದ ಹಲ್ಲು ಕೆಳಗೆ ಇಳಿದಿದೆ, ಆದರೆ ಕಚ್ಚಲು ಅಲ್ಲಿ ತಂತಿ ಸರಿಯಾಗಿ ಇಲ್ಲ. ಹಲ್ಲಿನ ತುದಿಗೆ ತಂತಿ ತಗುಲಿಯೂ ತಗುಲದಂತೆ ಇದೆ.

ಆ ಪ್ಲಗ್ ಕ್ರಿಂಪ್ ಮಾಡಿದವನು (ತಂತಿಗೆ ಒತ್ತಿ ಕೂರಿಸಿದವನು) ನಾನೇ, ಮನೆಗೆ ಕನೆಕ್ಷನ್ ಬಂದ ಹೊಸದರಲ್ಲಿ. ಆಗ 50ರ ಪ್ಲಾನ್. ನಾಲ್ಕು ತಂತಿಯಲ್ಲೇ ಎಲ್ಲ ನಡೆದುಹೋಯಿತು. 300ಕ್ಕೆ ಏರಿಸಿದ ದಿನದಿಂದ ಕಂಪನಿಗೆ ಎಷ್ಟು ಸಲ ಫೋನ್ ಮಾಡಿ ಕೂಗಾಡಿದ್ದೇನೆ ಅಂತ ಹೇಳಲಿಕ್ಕೂ ನಾಚಿಕೆ.


ಹಳೇತಂತಿ · ಮಂಗಳವಾರ, ಸಂಜೆ 7:45

ನಾಚಿಕೆ ಬೇಡ, ನಾನೂ ಇಂಥವು ಎಷ್ಟೋ ಮಾಡಿದ್ದೇನೆ. ಆ ಪ್ಲಗ್ ಕತ್ತರಿಸಿ ಬಿಸಾಕಿ ಹೊಸದು ಹಾಕಿ. ಕ್ರಮ ನೆನಪಿಲ್ಲದಿದ್ದರೆ: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಪ್ಲಗ್ಗಿನ ಕೊಕ್ಕೆ ಕೆಳಗೆ ಇರುವಂತೆ ಹಿಡಿದರೆ ಎಡದಿಂದ ಬಲಕ್ಕೆ. ಹಸಿರು ಜೋಡಿ ನೀಲಿಯನ್ನು ತಬ್ಬಿಕೊಂಡಿರುವುದನ್ನು ಗಮನಿಸಿ. "ಎರಡು ತುದಿಯಲ್ಲೂ ಒಂದೇ ಥರ ಇದ್ದರಾಯ್ತು" ಅಂತ ಬಣ್ಣದ ಜೋಡಿಗಳನ್ನು ಅಕ್ಕಪಕ್ಕ ಇಡುವವರಿದ್ದಾರೆ. ಟೆಸ್ಟರಿನಲ್ಲಿ ಎಂಟೂ ದೀಪ ಹತ್ತುತ್ತವೆ, ಆದರೆ 3 ಮತ್ತು 6ನೇ ಪಿನ್ ಬೇರೆ ಬೇರೆ ಹೆಣಿಗೆಯ ತಂತಿಗೆ ಸಿಗುತ್ತವೆ. ಹೆಣೆದಿರುವುದೇ ಪಕ್ಕದ ಜೋಡಿಯ ಗದ್ದಲ ಒಳಗೆ ಬರದಿರಲಿ ಅಂತ. ಅದು ತಪ್ಪಿದರೆ ಲಿಂಕ್ ಇರುತ್ತೆ, ಡೇಟಾ ಉದುರುತ್ತಿರುತ್ತೆ. ಟೆಸ್ಟರ್ ಸರಿ ಅನ್ನುತ್ತೆ, ನೀವು ತಲೆ ಚಚ್ಚಿಕೊಳ್ತೀರಿ.


ನಿದ್ದೆಗೇಡಿ · ಮಂಗಳವಾರ, ರಾತ್ರಿ 12:50

ಸೂಪರ್ ಗುರು, 94 ಕೇಸ್ ಕ್ಲೋಸ್. ಆದರೆ ಸಂಜೆ ವಿಡಿಯೊ ಕಾಲ್ ನಿಲ್ಲೋದು ಕೇಬಲ್ ಅಂತ ನನಗೆ ಅನ್ನಿಸ್ತಿಲ್ಲ. ಕಾಲ್‌ಗೆ 3-4 ಎಂಬಿಪಿಎಸ್ ಸಾಕು, 94 ಧಾರಾಳ. ಒಂದು ಕೆಲಸ ಮಾಡಿ. ಕಾಲ್ ಕೈಕೊಡೋ ಹೊತ್ತಲ್ಲಿ ಲ್ಯಾಪ್‌ಟಾಪಲ್ಲಿ ಎರಡು ಕಿಟಕಿ ತೆರೆದು ಒಂದರಲ್ಲಿ ರೌಟರ್‌ಗೆ ಪಿಂಗ್ ಬಿಡಿ (192.168.0.1 ಥರದ್ದು), ಇನ್ನೊಂದರಲ್ಲಿ ಹೊರಗಿನ 1.1.1.1ಕ್ಕೆ. ಪಿಂಗ್ ಅಂದ್ರೆ ಒಂದು ಸಣ್ಣ ಕಂತೆ ಹೋಗಿ ಉತ್ತರ ಬರೋಕೆ ಎಷ್ಟು ಹೊತ್ತು ಅಂತ ಅಳೆಯೋದು. ಎರಡೂ ನಂಬರ್ ಹಾಕಿ ಇಲ್ಲಿ. ರೌಟರ್ ಪಿಂಗೇ ಕುಣಿದರೆ ವೈಫೈ ತಪ್ಪು. ರೌಟರ್ ಸರಿ ಇದ್ದು ಹೊರಗಿನದು ಕುಣಿದರೆ ತಪ್ಪು ಅದರಾಚೆ ಅಥವಾ ಅದರ ಹೊಸ್ತಿಲಲ್ಲಿ.


ಮಹಡಿಮನೆ · ಬುಧವಾರ, ರಾತ್ರಿ 9:15

ಹೊಸ ಪ್ಲಗ್ ಹಾಕಿದೆ, ಮಹಡಿಯಲ್ಲೂ 295 ಬರುತ್ತಿದೆ. ಮೂರು ಸೆಕೆಂಡ್ ಹೋಗುವುದೂ ನಿಂತಿದೆ, ರೌಟರ್ ಲಾಗ್‌ನಲ್ಲಿ ನಿನ್ನೆಯ ತನಕ ಇದ್ದ "ವ್ಯಾನ್ ಲಿಂಕ್ ಡೌನ್" ಸಾಲುಗಳು ಇವತ್ತು ಒಂದೂ ಇಲ್ಲ.

ಆದರೆ ನಿದ್ದೆಗೇಡಿ ಹೇಳಿದ್ದೇ ನಿಜ. ಎಂಟೂವರೆಗೆ ಕಾಲ್ ಮತ್ತೆ ನಿಂತಿತು. ಆ ಹೊತ್ತಿನ ಪಿಂಗ್: ರೌಟರ್‌ಗೆ 2, 3, 2 ಮಿಲಿಸೆಕೆಂಡ್. 1.1.1.1ಕ್ಕೆ 410, 466, 520. ಮಧ್ಯಾಹ್ನ ನೋಡಿದಾಗ ಅದೇ 8 ಇತ್ತು. ವಿಚಿತ್ರ ಅಂದರೆ ಆಗಲೇ ಸ್ಪೀಡ್ ಟೆಸ್ಟ್ ಮಾಡಿದರೆ ಅಪ್‌ಲೋಡ್ 4, ಡೌನ್‌ಲೋಡೂ ಅರ್ಧಕ್ಕೆ ಬಿದ್ದಿತ್ತು.


ನಿದ್ದೆಗೇಡಿ · ಬುಧವಾರ, ರಾತ್ರಿ 11:58

ಎಂಟೂವರೆಗೆ ಮನೇಲಿ ಯಾರೋ ಫೋನ್ ಚಾರ್ಜ್‌ಗೆ ಹಾಕ್ತಾರೆ ಅಲ್ವಾ? ಚಾರ್ಜ್‌ಗೆ ಹಾಕಿದ ಕೂಡಲೇ ದಿನದ ಫೋಟೊ, ವಿಡಿಯೊ ಎಲ್ಲ ಬ್ಯಾಕಪ್ ಆಗೋಕೆ ಶುರು. ನಿಮ್ಮ 30 ಅಪ್‌ಲೋಡ್ ಪೂರ್ತಿ ಅದೇ ನುಂಗುತ್ತೆ.

ನುಂಗಿದ್ರೆ ತೊಂದ್ರೆ ಇಲ್ಲ, ಸಾಲು ನಿಲ್ಲಿಸೋದೇ ತೊಂದ್ರೆ. ಹೋಗೋ ದಾರಿ ತುಂಬಿದಾಗ ಡಬ್ಬದೊಳಗಿನ ಮೆಮೊರಿ ಪ್ಯಾಕೆಟ್‌ಗಳನ್ನ (ಅದೇ ಡೇಟಾ ಕಂತೆಗಳು) ಬಿಸಾಕೋ ಬದಲು "ಇರಲಿ, ಆಮೇಲೆ ಕಳಿಸ್ತೀನಿ" ಅಂತ ಸಾಲಲ್ಲಿ ನಿಲ್ಲಿಸಿಕೊಳ್ಳುತ್ತೆ. ಮೆಮೊರಿ ದೊಡ್ಡದಿದ್ದಷ್ಟೂ ಸಾಲು ಉದ್ದ. ನಿಮ್ಮ ಕಾಲ್‌ನ ಸಣ್ಣ ಪ್ಯಾಕೆಟ್ ಬಂದು ಆ ಫೋಟೊಗಳ ಸಾಲಿನ ಬಾಲದಲ್ಲಿ ನಿಲ್ಲುತ್ತೆ. ಅರ್ಧ ಸೆಕೆಂಡ್ ಕಾದು ಹೊರಗೆ ಹೋಗೋ ಹೊತ್ತಿಗೆ ಆ ಮಾತು ಹಳಸಿರುತ್ತೆ. ಡೌನ್‌ಲೋಡ್ ಯಾಕೆ ಬಿತ್ತು ಅಂದ್ರೆ, ಕೆಳಗೆ ಬರೋ ಪ್ರತಿ ಕಂತೆಗೂ "ತಲುಪಿತು, ಮುಂದಿನದು ಕಳಿಸು" ಅಂತ ಮೇಲಕ್ಕೆ ರಸೀದಿ ಹೋಗಬೇಕು. ಆ ರಸೀದಿಯೂ ಅದೇ ಸಾಲಲ್ಲಿ.

ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು. ಜಿಮ್ ಗೆಟ್ಟಿಸ್ ಅನ್ನೋ ಎಂಜಿನಿಯರ್ ತಮ್ಮ ಮನೆಯ ಕನೆಕ್ಷನ್ ಹೀಗೇ ಕೈಕೊಟ್ಟಾಗ ಬೆನ್ನು ಹತ್ತಿ 2010ರ ಸುಮಾರಿಗೆ ಇದನ್ನ ಎಲ್ಲರ ಗಮನಕ್ಕೆ ತಂದ್ರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್‌ಸನ್ ಕೊಡೆಲ್ ಅನ್ನೋ ಪರಿಹಾರ ಕೊಟ್ರು. ಸಾಲು ಎಷ್ಟು ಉದ್ದ ಅಂತ ನೋಡಲ್ಲ ಅದು, ಒಂದೊಂದು ಪ್ಯಾಕೆಟ್ ಎಷ್ಟು ಹೊತ್ತು ಕಾಯ್ತು ಅಂತ ನೋಡುತ್ತೆ. ಕಾಯೋದು ಜಾಸ್ತಿ ಆದ್ರೆ ಒಂದನ್ನ ಬೀಳಿಸುತ್ತೆ, ಕಳಿಸೋ ಫೋನಿಗೆ ಸೂಚನೆ ಸಿಕ್ಕಿ ತಾನೇ ನಿಧಾನ ಮಾಡುತ್ತೆ.

ನಿಮ್ಮ ಹೊಸ ರೌಟರ್‌ನಲ್ಲಿ ಎಸ್‌ಕ್ಯೂಎಂ, ಕ್ಯೂಓಎಸ್, ಎಫ್‌ಕ್ಯೂ ಕೊಡೆಲ್, ಕೇಕ್ ಇಂಥ ಹೆಸರಿನ, ಸಾಲು ನಿಭಾಯಿಸೋ ಸೆಟ್ಟಿಂಗ್ ಏನಾದ್ರೂ ಇದೆಯಾ ನೋಡಿ. ಇದ್ರೆ ಅಪ್‌ಲೋಡ್ ಮಿತಿ 27 ಅಂತ ಹಾಕಿ. 30 ಹಾಕಬೇಡಿ. ಸ್ವಲ್ಪ ಕಮ್ಮಿ ಇಟ್ರೆ ಮಾತ್ರ ಸಾಲು ಬಿಳಿ ಪೆಟ್ಟಿಗೆಯಲ್ಲಿ ನಿಲ್ಲದೆ ರೌಟರ್‌ನಲ್ಲಿ ನಿಲ್ಲುತ್ತೆ, ಅಲ್ಲಿ ನಮ್ಮ ಮಾತು ನಡೆಯುತ್ತೆ. ಡೌನ್‌ಲೋಡ್‌ಗೆ ಸದ್ಯಕ್ಕೆ ಹಾಕಬೇಡಿ. ಎಷ್ಟೋ ರೌಟರ್‌ಗಳಲ್ಲಿ ಅದನ್ನ ಆನ್ ಮಾಡಿದ್ರೆ ಹಾರ್ಡ್‌ವೇರ್ ಮಾಡ್ತಿದ್ದ ಕೆಲಸ ಪ್ರೊಸೆಸರ್ ತಲೆ ಮೇಲೆ ಬಿದ್ದು 300 ಹೋಗಿ 150 ಆಗುತ್ತೆ, ಆಮೇಲೆ ನನ್ನನ್ನ ಬೈತೀರಿ.


ಪ್ರಶ್ನಾರ್ಥಕ · ಗುರುವಾರ, ಬೆಳಿಗ್ಗೆ 10:30

ಇಷ್ಟು ಓದಿದ ಮೇಲೆ ನಮ್ಮ ಮನೆಯನ್ನೂ ನೋಡಿದೆ. ಪ್ಲಾನ್ 100. ಡಬ್ಬದ ಪಕ್ಕ 94 ಬರುತ್ತೆ, ಅದರ ಅರ್ಥ ಈಗ ಗೊತ್ತು! ಮಲಗುವ ಕೋಣೆಯಲ್ಲಿ ಮಾತ್ರ 12. ಸಿಗ್ನಲ್ ಕಮ್ಮಿ ಅಂತ ಆ ಕೋಣೆಯಲ್ಲೇ ಒಂದು ರಿಪೀಟರ್ ಇಟ್ಟಿದ್ದೇವೆ. ಈಗ ಕಡ್ಡಿ ಪೂರ್ತಿ ತೋರಿಸುತ್ತೆ, ಆದರೂ 12. ಪಕ್ಕದ ಮನೆಯವರೆಲ್ಲ ಬಳಸುವುದರಿಂದ ಹೀಗಾಗುತ್ತಾ?


ಹಳೇತಂತಿ · ಗುರುವಾರ, ಮಧ್ಯಾಹ್ನ 1:20

ಡಬ್ಬದ ಪಕ್ಕ ಪೂರ್ತಿ ಬರುತ್ತಿದೆ ಅಂದಮೇಲೆ ಹೊರಗಿನ ಲೈನ್ ಸರಿ ಇದೆ. ಫೈಬರ್‌ನಲ್ಲೂ ಹಂಚಿಕೆ ಇದೆ ನಿಜ. ಜಿಪಾನ್ ಅನ್ನುವ ಪದ್ಧತಿಯಲ್ಲಿ ಒಂದು ಎಳೆಯ 2.488 ಗಿಗಾಬಿಟ್ಟನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಆದರೆ ಅದರಿಂದ ಆಗುವ ತೊಂದರೆ ಎಲ್ಲ ಕೋಣೆಗೂ ಒಂದೇ ಥರ ಕಾಣಬೇಕು.

ನಿಮ್ಮ ತೊಂದರೆ ರಿಪೀಟರ್ ಕೂತ ಜಾಗ. ಫೋನಿನಲ್ಲಿ ಕಾಣುವ ಕಡ್ಡಿ ಫೋನಿಗೂ ರಿಪೀಟರಿಗೂ ಇರುವ ಸಂಬಂಧ. ರಿಪೀಟರಿಗೂ ಡಬ್ಬಕ್ಕೂ ಇರುವ ಸಂಬಂಧ ಹದಗೆಟ್ಟಿದೆ, ಅದನ್ನು ನಿಮಗೆ ಯಾರೂ ತೋರಿಸುತ್ತಿಲ್ಲ. ಕಿವಿ ಕೇಳದ ಜಾಗದಲ್ಲಿ ನಿಂತವನು ಕೇಳಿದ್ದನ್ನು ಎಷ್ಟು ಜೋರಾಗಿ ಕೂಗಿ ಹೇಳಿದರೇನು? ಮೇಲಾಗಿ ಒಂದೇ ರೇಡಿಯೊದಲ್ಲಿ ಕೇಳಿ, ಅದೇ ರೇಡಿಯೊದಲ್ಲಿ ಮತ್ತೆ ಹೇಳುವ ರಿಪೀಟರ್ ಆದರೆ ಅಲ್ಲೇ ಅರ್ಧ ಹೋಯ್ತು, ಒಂದೇ ಬಾಯಲ್ಲಿ ಎರಡು ಸಲ ಹೇಳಬೇಕಲ್ಲ.

ಅದನ್ನು ಅರ್ಧ ದಾರಿಗೆ ತನ್ನಿ. ಫೋನಿನಲ್ಲಿ ವೈಫೈ ಅನಲೈಸರ್ ಥರದ ಆಪ್ ಇದ್ದರೆ ಡಬ್ಬದ ಸಿಗ್ನಲ್ ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತೆ. -50 ಅಂದರೆ ಬಹಳ ಚೆನ್ನ, -67ರ ತನಕ ವಿಡಿಯೊ ಕಾಲ್‌ಗೆ ಅಡ್ಡಿಯಿಲ್ಲ, -80 ಅಂದರೆ ಹೆಸರಿಗೆ ಮಾತ್ರ ಇದೆ. 3 ಕಮ್ಮಿ ಆದರೆ ಶಕ್ತಿ ಅರ್ಧ ಆದಂತೆ, ಹಾಗಾಗಿ 67ಕ್ಕೂ 70ಕ್ಕೂ ಏನು ಮಹಾ ಅನ್ನಬೇಡಿ. ಡಬ್ಬದ ಸಿಗ್ನಲ್ ಇನ್ನೂ -65ರ ಆಸುಪಾಸು ಇರುವ ಜಾಗವೇ ರಿಪೀಟರಿಗೆ ಸರಿಯಾದ ಜಾಗ.


ಬೈಟುಬಿಟ್ಟು · ಗುರುವಾರ, ಮಧ್ಯಾಹ್ನ 2:05

ಹಾಗೇ ಆ ರಿಪೀಟರ್ 2.4 ಗಿಗಾಹರ್ಟ್ಜ್ ಮಾತ್ರದ್ದಾ ನೋಡಿ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದೇ ಮೂರು: 1, 6, 11. ಪಕ್ಕದ ಮನೆಯವರ ಪಾತ್ರ ಇದ್ದರೆ ಇಲ್ಲಿ ಇದೆ. "3ರಲ್ಲಿ ಯಾರೂ ಇಲ್ಲ" ಅಂತ 3ಕ್ಕೆ ಹೋಗಬೇಡಿ. ಒಂದೇ ಚಾನೆಲ್‌ನಲ್ಲಿ ಇರುವವರು ಒಬ್ಬರ ಮಾತು ಒಬ್ಬರು ಕೇಳಿ ಸರದಿ ಕಾಯುತ್ತಾರೆ. 3ರಲ್ಲಿ ಕೂತವರಿಗೆ 1ರವರದ್ದೂ 6ರವರದ್ದೂ ಬರೀ ಗದ್ದಲವಾಗಿ ಕೇಳುತ್ತೆ. ಮೈಕ್ರೊವೇವ್ ಓವನ್ ಕೂಡ ಇದೇ 2.45ರ ಸುತ್ತ ಕೆಲಸ ಮಾಡುವುದು. ಅದು ತಿರುಗುವಾಗ ಮಾತ್ರ ವೈಫೈ ಸತ್ತರೆ ಆಶ್ಚರ್ಯ ಪಡಬೇಡಿ.


ಅಂತೆಕಂತೆ · ಗುರುವಾರ, ಮಧ್ಯಾಹ್ನ 2:30

ರೌಟರ್ ಹಿಂದೆ ಅಲ್ಯೂಮಿನಿಯಂ ಹಾಳೆ ಇಟ್ಟರೆ ಸಿಗ್ನಲ್ ಜಾಸ್ತಿ ಆಗುತ್ತಂತೆ?


ಹಳೇತಂತಿ · ಗುರುವಾರ, ಮಧ್ಯಾಹ್ನ 2:41

ಮುಂದೆ ಜಾಸ್ತಿ ಆಗುತ್ತೆ, ಹಿಂದೆ ಇರುವವರು ನಿಮ್ಮನ್ನು ಹುಡುಕಿಕೊಂಡು ಬರ್ತಾರೆ. ಈ ಸಲ ನೀವು ಪೂರ್ತಿ ತಪ್ಪಲ್ಲ.


ಪ್ರಶ್ನಾರ್ಥಕ · ಗುರುವಾರ, ರಾತ್ರಿ 8:50

ರಿಪೀಟರನ್ನು ನಡುಮನೆಯ ಕಪಾಟಿನ ಮೇಲೆ ಇಟ್ಟೆ, ಅಲ್ಲಿ ಡಬ್ಬದ ಸಿಗ್ನಲ್ -63. ಮಲಗುವ ಕೋಣೆಯಲ್ಲಿ ಕಡ್ಡಿ ಒಂದು ಕಮ್ಮಿ ಆಯ್ತು, ಸ್ಪೀಡ್ 41ಕ್ಕೆ ಹೋಯ್ತು! ಮನೆಯವರು ಕಡ್ಡಿ ನೋಡಿ "ಮೊದಲೇ ಚೆನ್ನಾಗಿತ್ತು" ಅಂತಿದ್ದಾರೆ.


ಮಹಡಿಮನೆ · ಶುಕ್ರವಾರ, ರಾತ್ರಿ 9:30

ಕ್ಯೂಓಎಸ್ ಪುಟದಲ್ಲಿ ಅಪ್‌ಲೋಡ್ 27 ಹಾಕಿದೆ. ಇವತ್ತು ಎಂಟೂವರೆಗೆ ಬೇಕಂತಲೇ ಮನೆಯ ಮೂರೂ ಫೋನ್ ಚಾರ್ಜ್‌ಗೆ ಹಾಕಿಸಿ, ಬ್ಯಾಕಪ್ ಶುರುವಾದ ಮೇಲೆ ಕಾಲ್ ಮಾಡಿದೆ. 1.1.1.1ಕ್ಕೆ ಪಿಂಗ್ 11, 14, 12. ಒಂದು ಸಲ 30 ಮುಟ್ಟಿತು ಅಷ್ಟೇ. ಆ ಕಡೆಯವರು "ಏನೋ ಇವತ್ತು ಮುಖ ಇಷ್ಟು ಅಲುಗಾಡ್ತಿದೆ" ಅಂದರು.

ಕಂಪನಿಯ ಹುಡುಗನಿಗೂ ಫೋನ್ ಮಾಡಿ ತಪ್ಪು ನನ್ನದೇ ಅಂತ ಹೇಳಿದೆ. "ಯಾರೂ ಹೀಗೆ ವಾಪಸ್ ಫೋನ್ ಮಾಡಲ್ಲ ಸರ್" ಅಂತ ನಕ್ಕ.

ಈಗ ಹಳೇ ರೌಟರ್ ಸುಮ್ಮನೆ ಕೂತಿದೆ. ಕೆಳಗಿನ ಕೋಣೆಗೆ ವೈಫೈ ಸ್ವಲ್ಪ ಸಣ್ಣ ಇದೆ, ಅದನ್ನು ಅಲ್ಲಿ ಹಾಕಬಹುದಾ?


ಹಳೇತಂತಿ · ಶುಕ್ರವಾರ, ರಾತ್ರಿ 10:02

ಹಾಕಿ. ಹೊಸ ರೌಟರಿನ ಲ್ಯಾನ್ ಪೋರ್ಟಿನಿಂದ (ಮನೆಯ ಸಾಧನ ಸೇರಿಸುವ ತೂತು) ಇನ್ನೊಂದು ಕೇಬಲ್ ಕೆಳಗೆ ಇಳಿಸಿ. ಹಳೇದರಲ್ಲಿ ಡಿಎಚ್‌ಸಿಪಿ (ಒಳ ನಂಬರ್ ಹಂಚುವ ಕೆಲಸ) ಆಫ್ ಮಾಡಿ, ಅದರ ವಿಳಾಸವನ್ನು ಹೊಸ ರೌಟರಿನದಕ್ಕೆ ಡಿಕ್ಕಿ ಹೊಡೆಯದ ಹಾಗೆ ಬದಲಿಸಿ. ಕೇಬಲನ್ನು ಅದರ ವ್ಯಾನ್ ತೂತಿಗೆ ಹಾಕದೆ ಲ್ಯಾನ್ ತೂತಿಗೇ ಹಾಕಿ, ಆಗ ಅದು ಬರೀ ಆಕ್ಸೆಸ್ ಪಾಯಿಂಟ್ ಆಗುತ್ತೆ. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ, ಚಾನೆಲ್ ಮಾತ್ರ ಬೇರೆ ಬೇರೆ.

ಆ ಕೇಬಲಿಗೆ ರೆಡಿ ಪ್ಲಗ್ ಇರುವುದನ್ನೇ ತನ್ನಿ.